ಹೊಗೆಯ ಸಾಕ್ಷಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳ ತೆನೆಗಟ್ಟಿತೆಂದರೆ ಕಾಡುಹಂದಿಯ ಕಾಟ. ಬೆಳೆ ಕಾಯುವ ಹಳೆಯ ನಾಡಕೋವಿಗೆ ತುಂಬುವುದು ಕರಿಮದ್ದು: ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಉರಿದಾಗ ಇದರ ಅರ್ಧಕ್ಕಿಂತ ಹೆಚ್ಚು ತೂಕ ಅನಿಲವಾಗದೆ ಸಣ್ಣ ಕಣಗಳಾಗಿ ಉಳಿಯುತ್ತದೆ. ದಟ್ಟ ಬಿಳಿ ಹೊಗೆ ಏಳುವುದು ಅದರಿಂದಲೇ. ಹೊಡೆದವನು ಎಲ್ಲಿ ನಿಂತಿದ್ದನೆಂದು ಆಚೆ ಹೊಲದವರಿಗೂ ಗೊತ್ತಾಗುತ್ತದೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ನೈಟ್ರೊಸೆಲ್ಯುಲೋಸ್‌ನಿಂದ ಮಾಡಿದ ಹೊಗೆರಹಿತ ಮದ್ದು ಬಹುಪಾಲು ಅನಿಲವಾಗಿಯೇ ಹೋಗುತ್ತದೆ. ಅದರ ಸ್ವಭಾವವೂ ಬೇರೆ. ಕರಿಮದ್ದು ಬಯಲಲ್ಲೂ ಭಗ್ಗನೆ ಹೊತ್ತುತ್ತದೆ. ಇದು ಬಯಲಲ್ಲಿ ಸಾವಕಾಶ ಉರಿದು, ನಳಿಗೆಯೊಳಗೆ ಒತ್ತಡ ಏರಿದಷ್ಟೂ ಉಗ್ರವಾಗುತ್ತದೆ. ನಾಡಕೋವಿಗೆ ಕರಿಮದ್ದಿನ ಅಳತೆಯಲ್ಲೇ ಇದನ್ನು ತುಂಬಿದರೆ ನಳಿಗೆ ಸಿಡಿದು ಹೊಡೆದವನ ಕೈಯೇ ಹೋದೀತು.

1899ರಲ್ಲಿ ಶುರುವಾದ ಬೋಯರ್ ಯುದ್ಧದಲ್ಲಿ ಗುಂಡು ಎಲ್ಲಿಂದ ಬಂತೆಂದು ಕಾಣದೆಯೇ ಬ್ರಿಟಿಷ್ ಸೈನಿಕರು ಬಿದ್ದರು. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತೇವೆ. ಹೊಗೆಯಿಲ್ಲದ ಬೆಂಕಿಗೆ ನಮ್ಮ ಗಾದೆಯಲ್ಲಿ ಜಾಗವೇ ಇಲ್ಲ.

ಹಾಗಾದರೆ ಗುರುತು ಸಿಗದವನ ಹೊಣೆ ಕಡಿಮೆಯೇ? ಹೊಗೆ ಯಾರನ್ನೂ ಸಜ್ಜನರನ್ನಾಗಿಸಲಿಲ್ಲ. ಪಾಳೆಯಗಾರರ ಫಿರಂಗಿಗೆ ಸತ್ತವರೆಲ್ಲ ಕರಿಮದ್ದಿಗೇ ಸತ್ತವರು. ಆದರೂ ಅದು ಹೊಡೆದವನನ್ನು ಕೇಳದೆಯೇ ಸಾಕ್ಷಿ ನುಡಿಯುತ್ತಿತ್ತು. ಈಗ ಅದನ್ನು ಅವನೇ ನುಡಿಯಬೇಕು. ಅಥವಾ ಮೊದಲಿನಿಂದಲೂ ಅವನೇ ನುಡಿಯಬೇಕಿತ್ತೇನೋ. ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳಿವೆ. ಅಂಥ ಕಾಡಿನಂಚಿನ ಹೊಲದಲ್ಲಿ, ಕತ್ತಲಲ್ಲಿ ಪೊದೆ ಅಲುಗಿದಾಗ, ಹಂದಿಯೋ ಕೊಂಡುಕುರಿಯೋ ನೋಡದೆ ಈಡು ಹೊಡೆದವನ ಹೊಗೆ ಯಾರಿಗೂ ಕಾಣುವುದಿಲ್ಲ, ಮದ್ದು ಯಾವುದಾದರೂ ಸರಿ. ಕರಿಮದ್ದಾದರೆ ಮಾತ್ರ ನಳಿಗೆಯಲ್ಲಿ ಉಳಿದ ಮಸಿ ತೇವ ಹೀರಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಬೆಳಗಾಗುತ್ತಲೇ ಅವನು ಬಿಸಿನೀರು ಕಾಯಿಸಿ ಕೋವಿ ತೊಳೆಯಲೇಬೇಕು.