ತಾಳ್ಮೆಗೆ ಹೊತ್ತು ಬೇಕು

ಬೆಳಗ್ಗೆ ಏಳೂವರೆಯಿಂದ ಎಂಟೂವರೆಯ ನಡುವೆ ನಮ್ಮ ಮನೆಗಳಲ್ಲಿ ಏರುವಷ್ಟು ದನಿ ದಿನದ ಬೇರೆ ಯಾವ ಹೊತ್ತಿನಲ್ಲೂ ಏರುವುದಿಲ್ಲ. ಸ್ಕೂಲ್ ವ್ಯಾನು ಬರುವ ಸಮಯ. ತಟ್ಟೆಯಲ್ಲಿ ಅರ್ಧ ದೋಸೆ ಆರುತ್ತಿದೆ, ಮಗು ಎಡಗಾಲಿನ ಶೂ ಹಿಡಿದುಕೊಂಡು ಬಲಗಾಲಿಗೆ ಹಾಕಲು ನೋಡುತ್ತಿದೆ. ‘ಬೇಗ’ ಎನ್ನುವ ಮಾತು ಮೊದಲು ಮೆತ್ತಗೆ ಬರುತ್ತದೆ, ನಾಲ್ಕನೇ ಸಲಕ್ಕೆ ಗದರಿಕೆಯಾಗುತ್ತದೆ, ಆಮೇಲೆ ಬೆನ್ನಿಗೊಂದು ಪೆಟ್ಟು ಬಿದ್ದರೂ ಬಿತ್ತು. ಅದೇ ಮಗು ಭಾನುವಾರ ಅಷ್ಟೇ ನಿಧಾನವಾಗಿ ಶೂ ಹಾಕಿಕೊಂಡರೆ ಅದೇ ಅಪ್ಪ ಅಮ್ಮ ನಗುತ್ತಾ ನೋಡುತ್ತಾರೆ, ಮೊಬೈಲ್ ತೆಗೆದು ವಿಡಿಯೊ ಮಾಡುತ್ತಾರೆ. ಶನಿವಾರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಯಾರ ಸ್ವಭಾವವೂ ಬದಲಾಗಿಲ್ಲ. ಬದಲಾದದ್ದು ಕೈಯಲ್ಲಿರುವ ಹೊತ್ತು.

ತಾಳ್ಮೆಯ ಬಗ್ಗೆ ಮಾತಾಡುವಾಗ ನಾವು ಈ ಹೊತ್ತಿನ ಲೆಕ್ಕವನ್ನೇ ಬಿಟ್ಟುಬಿಡುತ್ತೇವೆ. ‘ಅವನು ಹುಟ್ಟಾ ಮುಂಗೋಪಿ’, ‘ಆಯಮ್ಮನದು ಭೂಮಿತಾಯಿಯಂಥ ಸಹನೆ’ ಎಂದು ಎಲ್ಲವನ್ನೂ ಹುಟ್ಟುಗುಣದ ಖಾತೆಗೆ ಬರೆದು ಕೈತೊಳೆದುಕೊಳ್ಳುತ್ತೇವೆ. ಸ್ವಭಾವದ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ದಿನನಿತ್ಯದ ಸಿಡುಕಿನಲ್ಲಿ ಅದರ ಪಾಲು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಸಿಟ್ಟು ನೆತ್ತಿಗೇರಿದ ಗಳಿಗೆಯಲ್ಲಿ ತಾಳ್ಮೆಯನ್ನು ಹುಡುಕಿಕೊಂಡು ಹೋದರೆ ಅದು ಸಿಗುವುದಿಲ್ಲ. ಹಿಂದಿನ ದಿನವೇ ಅಣಿಮಾಡಿ ಇಟ್ಟುಕೊಂಡಿರಬೇಕು.

ಇದಕ್ಕೆ ಆಧಾರವಾಗಿ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿ, 1973ರಲ್ಲಿ ಪ್ರಕಟಿಸಿದ್ದು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಪುಟ್ಟ ಉಪನ್ಯಾಸ ಕೊಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಕೆಲವರಿಗೆ ಕೊಟ್ಟ ವಿಷಯವೇ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ‘ಇನ್ನೂ ಸಮಯವಿದೆ’ ಎಂದು ಹೇಳಿ ಕಳಿಸಿದವರಲ್ಲಿ ನೂರಕ್ಕೆ 63 ಮಂದಿ ನಿಂತು ಸಹಾಯ ಮಾಡಿದರು. ‘ಆಗಲೇ ತಡವಾಯಿತು, ಓಡಿ’ ಎಂದು ಕಳಿಸಿದವರಲ್ಲಿ ನಿಂತವರು ನೂರಕ್ಕೆ ಹತ್ತೇ ಮಂದಿ. ಕರುಣೆಯ ಬಗ್ಗೆಯೇ ಮಾತಾಡಲು ಹೊರಟವರೂ ಅವಸರದಲ್ಲಿ ನರಳುವವನನ್ನು ದಾಟಿ ಹೋದರು. ದೇವರ ಕೆಲಸಕ್ಕೇ ಬದುಕನ್ನು ಮುಡಿಪಿಡಲು ಹೊರಟವರ ಮನಸ್ಸನ್ನು ಕೆಲವು ನಿಮಿಷಗಳ ಅವಸರ ಇಷ್ಟು ಇಕ್ಕಟ್ಟು ಮಾಡಬಲ್ಲುದಾದರೆ, ಬೆಳಗ್ಗೆ ಎಂಟು ಗಂಟೆಗೆ ಅಡುಗೆಮನೆಯಲ್ಲಿ ನಿಂತವರ ಗತಿಯೇನು?

ಹಾಗಾಗಿ ತಾಳ್ಮೆ ಕಲಿಯಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಬಹಳ ಸಾದಾ ಕೆಲಸ. ನಿಮ್ಮ ದಿನದಲ್ಲಿ ಯಾವ ಹೊತ್ತಿನಲ್ಲಿ, ಯಾರ ಮೇಲೆ ರೇಗುತ್ತೀರಿ ಎಂದು ಒಂದು ವಾರ ಗಮನಿಸಿ. ರೇಗುವ ಜಾಗಗಳು ಹೆಚ್ಚೆಂದರೆ ಮೂರೋ ನಾಲ್ಕೋ ಇರುತ್ತವೆ, ದಿನವೂ ಅವೇ. ಶಾಲೆಗೆ ಹೊರಡುವ ಹೊತ್ತು, ಹಸಿದು ಮನೆಗೆ ಬಂದ ಹೊತ್ತು, ಆಫೀಸಿನಿಂದ ಹೊರಡುವ ಮುಂಚಿನ ಕೊನೆಯ ಅರ್ಧ ಗಂಟೆ. ಆ ಜಾಗಗಳ ಹಿಂದೆ ಕಾಲು ಗಂಟೆ ಬಿಡುವು ಸೇರಿಸಿದರೆ ಸಾಕು. ಯೂನಿಫಾರ್ಮು, ಬ್ಯಾಗು, ನೀರಿನ ಬಾಟಲಿ ರಾತ್ರಿಯೇ ಬಾಗಿಲ ಬಳಿ ಬಂದಿರಲಿ. ಮಗುವನ್ನು ಕಾಲು ಗಂಟೆ ಮೊದಲು ಎಬ್ಬಿಸಿ, ಅದಕ್ಕಾಗಿ ಕಾಲು ಗಂಟೆ ಮೊದಲು ಮಲಗಿಸಿ. ಈ ಬಿಡುವನ್ನು ಇನ್ನೊಂದು ಕೆಲಸಕ್ಕೆ ಬಳಸಿಕೊಳ್ಳುವ ಆಸೆ ಬರುತ್ತದೆ. ಅದಕ್ಕೆ ಮಾತ್ರ ಸೋಲಬಾರದು. ಶೂ ತಪ್ಪು ಕಾಲಿಗೆ ಹೋಗಿ ಸರಿಯಾದ ಕಾಲಿಗೆ ಬರುವುದಕ್ಕೆಂದೇ ಮೀಸಲಿಟ್ಟ ಸಮಯ ಅದು.

ರಸ್ತೆಯ ಮೇಲೂ ಇದೇ ಲೆಕ್ಕ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಗಂಟೆಗೆ 80ರ ವೇಗದಲ್ಲಿ ಬಂದರೆ 52 ನಿಮಿಷ ಚಿಲ್ಲರೆ, ಹಾರನ್ ಒತ್ತುತ್ತಾ ಲಾರಿಗಳ ಎಡಕ್ಕೆ ಬಲಕ್ಕೆ ನುಗ್ಗುತ್ತಾ 100ರಲ್ಲಿ ಬಂದರೆ 42 ನಿಮಿಷ. ಉಳಿಯುವುದು ಹತ್ತು ನಿಮಿಷ, ಅದೂ ದಾರಿಯುದ್ದಕ್ಕೂ ಒಂದೇ ವೇಗ ಸಿಕ್ಕಿದರೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಅದೂ ಕೈಬಿಟ್ಟು ಹೋಗುತ್ತದೆ. ಹತ್ತು ನಿಮಿಷ ಮೊದಲು ಮನೆ ಬಿಡುವುದು ಅದಕ್ಕಿಂತ ಎಷ್ಟೋ ಸುಲಭ, ಜೀವಕ್ಕೂ ಕ್ಷೇಮ.

ಆದರೆ ಎಲ್ಲರಿಗೂ ಎಲ್ಲ ಸಮಯದಲ್ಲೂ ಬಿಡುವು ಇಟ್ಟುಕೊಳ್ಳಲು ಆಗುವುದಿಲ್ಲ ಎಂಬುದೂ ನಿಜ. ಅಂಥ ಕೆಲಸದಲ್ಲಿರುವವರಿಂದ ಕಲಿಯುವುದು ಬಹಳ ಇದೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಸಾರಿಗೆ ಬಸ್ಸುಗಳ ಕಂಡಕ್ಟರುಗಳಿಗೆ ಹೊಸ ಕೆಲಸವೊಂದು ಸೇರಿತು. ಹೆಂಗಸರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡಬೇಕು, ಮುಂದಿನ ಸ್ಟೇಜ್ ಬರುವುದರೊಳಗೆ ಎಲ್ಲರದೂ ಮುಗಿದಿರಬೇಕು, ನಡುವೆ ಚೆಕಿಂಗ್‌ನವರು ಹತ್ತಿದರೆ ಉತ್ತರ ಕೊಡಬೇಕಾದವರೂ ಅವರೇ. ಒಮ್ಮೆ ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬ ಅಜ್ಜಿ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದನ್ನು ಎಲೆಅಡಿಕೆ ಚೀಲದ ತಳದಲ್ಲಿಟ್ಟು, ಚೀಲದ ದಾರಕ್ಕೆ ಬಿಗಿಯಾದ ಗಂಟು ಹಾಕಿಕೊಂಡು ಬಂದಿದ್ದರು. ಬಸ್ಸಿನ ಕುಲುಕಾಟಕ್ಕೆ ಬೆರಳು ಗಂಟಿನ ಮೇಲೆ ನಿಲ್ಲುತ್ತಿರಲಿಲ್ಲ. ಅಕ್ಕಪಕ್ಕದವರು ‘ಬೇಗ ತೆಗೀರಜ್ಜಿ’ ಎಂದಷ್ಟೂ ಬೆರಳು ಇನ್ನಷ್ಟು ನಡುಗಿದವು. ಕಂಡಕ್ಟರ್ ಹೇಳಿದ್ದು ಇಷ್ಟು: ‘ನಿಧಾನಕ್ಕೆ ತೆಗೀರಿ ಅಜ್ಜಿ, ನಾನು ಹಿಂದ್ಗಡೆಯವ್ರಿಗೆಲ್ಲ ಕೊಟ್ಟು ಬರ್ತೀನಿ.’ ಅವರು ಹಿಂದಿನ ಸೀಟಿನವರೆಗೆ ಹೋಗಿ ಬರುವಷ್ಟರಲ್ಲಿ ಕಾರ್ಡು ಅಜ್ಜಿಯ ಅಂಗೈಯಲ್ಲಿತ್ತು.

ಕಂಡಕ್ಟರ್ ಹಲ್ಲು ಕಚ್ಚಿ ಅಜ್ಜಿಯ ಮುಂದೆ ನಿಂತಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೆಲಸದ ಸರದಿಯನ್ನು ಸ್ವಲ್ಪ ಅದಲುಬದಲು ಮಾಡಿಕೊಂಡರು. ಅಜ್ಜಿಗೆ ಹೊತ್ತು ಸಿಕ್ಕಿತು, ಅವರ ಕೆಲಸವೂ ನಿಲ್ಲಲಿಲ್ಲ. ನಮ್ಮಲ್ಲಿ ತಾಳ್ಮೆ ಎಂದರೆ ಕುದಿಯನ್ನು ಒಳಗೇ ಅದುಮಿಕೊಂಡು ನಿಲ್ಲುವುದು ಎಂಬ ತಿಳಿವಳಿಕೆ ಬೇರೂರಿದೆ. ಅದುಮಿದ್ದು ಸಂಜೆಯೊಳಗೆ ಇನ್ನೆಲ್ಲೋ ಉಕ್ಕುತ್ತದೆ, ಸಾಮಾನ್ಯವಾಗಿ ನಮ್ಮೆದುರು ಮಾತಾಡಲಾಗದವರ ಮೇಲೆ. ಮೇಲಧಿಕಾರಿಯ ಮುಂದೆ ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ನಿಲ್ಲಬಲ್ಲವರು ಮನೆಗೆಲಸದವರ ಒಂದು ಮರೆವನ್ನು ಸಹಿಸುವುದಿಲ್ಲ. ನನ್ನ ಮಟ್ಟಿಗೆ ಒಬ್ಬರ ತಾಳ್ಮೆಯನ್ನು ಅಳೆಯಬೇಕಾದ್ದು ಇಲ್ಲಿಯೇ: ಮಕ್ಕಳು, ಮುದುಕರು, ಕೈಕೆಳಗಿನವರು ನಿಧಾನ ಮಾಡಿದಾಗ.

ಮನೆಯ ಹಿರಿಯರ ವಿಷಯದಲ್ಲಿ ಈ ಆತುರ ಸಹಾಯದ ವೇಷ ಹಾಕಿಕೊಂಡು ಬರುತ್ತದೆ. ಅಪ್ಪ ಫೋನ್ ಹಿಡಿದುಕೊಂಡು ಬಂದು, ‘ಇದ್ರಲ್ಲಿ ಕರೆಂಟ್ ಬಿಲ್ ಕಟ್ಟೋದು ಹೇಗೋ, ಇನ್ನೊಂದ್ಸಲ ತೋರಿಸು’ ಎನ್ನುತ್ತಾರೆ. ಮಗ ಫೋನ್ ಇಸಿದುಕೊಂಡು ತಾನೇ ಟಪಟಪ ಒತ್ತಿ, ‘ಆಯ್ತು ತಗೋಳಪ್ಪ’ ಎಂದು ವಾಪಸ್ ಕೊಡುತ್ತಾನೆ. ಬಿಲ್ ಕಟ್ಟಿಯಾಯಿತು, ಅಪ್ಪ ಕಲಿಯಲಿಲ್ಲ. ಎರಡು ಸಲ ಹೀಗಾದ ಮೇಲೆ ಅವರು ಕೇಳುವುದನ್ನೇ ಬಿಡುತ್ತಾರೆ. ಬೀದಿ ಕೊನೆಯ ಅಂಗಡಿಗೆ ಹೋಗಿ ಕೈಯಿಂದ ಇನ್ನಷ್ಟು ದುಡ್ಡು ಕೊಟ್ಟು ಕಟ್ಟಿಸಿಕೊಂಡು ಬರುತ್ತಾರೆ. ಕಲಿಸುವಾಗ ಫೋನು ಅವರ ಕೈಯಲ್ಲೇ ಇರಬೇಕು, ನಮ್ಮ ಕೈ ನಮ್ಮ ಮಡಿಲಲ್ಲಿರಬೇಕು. ವಯಸ್ಸಾದವರ ಬೆರಳು ಪರದೆಯ ಮೇಲೆ ತುಸು ಹೆಚ್ಚು ಹೊತ್ತು ಊರುತ್ತದೆ, ಆಗ ಬೇರೇನೋ ತೆರೆದುಕೊಳ್ಳುತ್ತದೆ, ಗಾಬರಿಯಾಗುತ್ತದೆ. ‘ಏನೂ ಆಗಿಲ್ಲ, ಹಿಂದಕ್ಕೆ ಬನ್ನಿ’ ಎಂದು ಬಾಯಲ್ಲಿ ಹೇಳಿ, ಅವರೇ ಹಿಂದಕ್ಕೆ ಬರುವವರೆಗೆ ಕಾಯಬೇಕು. ಐದಾರು ಸಲವಾದರೂ ಹೀಗೆ ಕೂರಬೇಕಾಗುತ್ತದೆ. ನಮಗೆ ಶೂ ಲೇಸು ಕಟ್ಟಲು ಕಲಿಸಿದವರು ಅದಕ್ಕಿಂತ ಹೆಚ್ಚು ಸಲ ಕೂತಿದ್ದಾರೆ.

ಮಾತಿನಲ್ಲಿ ಕಾಯುವುದು ಇನ್ನೂ ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅಷ್ಟರಲ್ಲೇ ಇನ್ನೊಬ್ಬರನ್ನು ಕೇಳುತ್ತಿದ್ದರು ಅಥವಾ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಹಿಂದೆ ಬಾಯಿ ಬಿಡದಿದ್ದ ಮಕ್ಕಳೂ ಮಾತಾಡಿದರು. ಬೇಕಾದದ್ದು ಇನ್ನೆರಡು ಸೆಕೆಂಡ್. ಇದನ್ನು ಊಟದ ಹೊತ್ತಿನಲ್ಲಿ ಮಾಡಿ ನೋಡಬಹುದು. ‘ಇವತ್ತು ಸ್ಕೂಲಲ್ಲಿ ಏನಾಯ್ತು?’ ಎಂದು ಕೇಳಿ ಮಗು ‘ಏನಿಲ್ಲ’ ಎಂದ ಕೂಡಲೆ ಮುಂದಿನ ಪ್ರಶ್ನೆಗೆ ಹೋಗದೆ ಸುಮ್ಮನೆ ಅನ್ನ ಕಲಸುತ್ತಾ ಇರಿ. ಎಷ್ಟೋ ಸಲ ಹೇಳಬೇಕಾದ್ದು ಆ ‘ಏನಿಲ್ಲ’ದ ಬೆನ್ನಿಗೇ ಬರುತ್ತದೆ.

ಇಷ್ಟೆಲ್ಲ ಸಿದ್ಧತೆಯಾದರೂ ಸಿಟ್ಟು ಬರುತ್ತದೆ. ಬಂದಾಗ ‘ಈಗ ತಡವಾದರೆ ನಿಜವಾಗಿ ಕೆಡುವುದೇನು?’ ಎಂದು ಕೇಳಿಕೊಳ್ಳುವುದು ಹತ್ತರವರೆಗೆ ಎಣಿಸುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಹುಪಾಲು ಏನೂ ಕೆಡುವುದಿಲ್ಲ. ನಿಜವಾಗಿ ಕೆಡುವುದಿದ್ದರೆ ಅವಸರ ಮಾಡಲೇಬೇಕು, ಅದರಲ್ಲಿ ತಪ್ಪಿಲ್ಲ.

ಹಾಗೆಯೇ ತಾಳ್ಮೆಯ ಹೆಸರಿನಲ್ಲಿ ಅನ್ಯಾಯವನ್ನು ನುಂಗಿಕೊಳ್ಳಬೇಕಾಗಿಯೂ ಇಲ್ಲ. ‘ಸಹಿಸಿಕೊಂಡು ಹೋಗು’ ಎಂಬ ಉಪದೇಶವನ್ನು ಸೊಸೆಯಂದಿರಿಗೆ, ಬಡವರಿಗೆ ಕೊಟ್ಟಷ್ಟು ನಾವು ಬೇರೆ ಯಾರಿಗೂ ಕೊಟ್ಟಿಲ್ಲ. ಸರ್ಕಾರಿ ಕಚೇರಿಯ ವಿಳಂಬವನ್ನೂ ಸುಮ್ಮನೆ ಸಹಿಸಬೇಕಿಲ್ಲ. ಕರ್ನಾಟಕದ ಸಕಾಲ ಕಾಯ್ದೆ ಬಂದದ್ದು 2011ರಲ್ಲಿ, ಜಾರಿಗೆ ಬಂದದ್ದು 2012ರಲ್ಲಿ. ಜಾತಿ ಪ್ರಮಾಣಪತ್ರವೋ ಖಾತೆಯೋ, ಇಂಥ ಸೇವೆಯನ್ನು ಇಷ್ಟು ದಿನದೊಳಗೆ ಕೊಡಬೇಕೆಂದು ಅದು ಗೊತ್ತುಮಾಡುತ್ತದೆ; ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕನ್ನೂ ಕೊಡುತ್ತದೆ. ಅರ್ಜಿ ಕೊಟ್ಟಾಗ ಸಿಗುವ ಜಿಎಸ್‌ಸಿ ಸಂಖ್ಯೆಯ ಚೀಟಿಯನ್ನು ಜೋಪಾನ ಮಾಡಿಕೊಂಡು, ಹೇಳಿದ ದಿನದವರೆಗೆ ಕಾದು, ಮರುದಿನ ಹೋಗಿ ಮೇಲ್ಮನವಿ ಕೊಡುವವರು ನನ್ನ ದೃಷ್ಟಿಯಲ್ಲಿ ನಿಜವಾದ ತಾಳ್ಮೆಯುಳ್ಳವರು. ಕೂಗಾಡದೆ, ಬಿಟ್ಟೂ ಕೊಡದೆ ಇರುವುದಕ್ಕೆ ಬಹಳ ಗಟ್ಟಿತನ ಬೇಕು.

ಕಾಯಬೇಕೆಂದರೆ ಕಾದದ್ದಕ್ಕೆ ಫಲವುಂಟೆಂಬ ನಂಬಿಕೆಯೂ ಬೇಕು. ಬಸ್ಸಿನ ಬಾಗಿಲಲ್ಲಿ ನುಗ್ಗುವ ಜನವೇ ಟೋಕನ್ ಯಂತ್ರವಿರುವ ಕಡೆ ಚೀಟಿ ಹಿಡಿದು ಕುರ್ಚಿಯಲ್ಲಿ ಕೂರುತ್ತಾರೆ, ತಮ್ಮ ಸರದಿಯನ್ನು ಯಾರೂ ಕಸಿಯುವುದಿಲ್ಲವೆಂದು ಗೊತ್ತಿರುವುದರಿಂದ. ಮಕ್ಕಳೂ ಹೀಗೆಯೇ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಿಕ್ಕ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಎಂದರು. ಅದಕ್ಕೆ ಮುಂಚೆ, ‘ಚೆನ್ನಾಗಿರುವ ಬಣ್ಣದ ಕಡ್ಡಿ ತಂದುಕೊಡುತ್ತೇವೆ’ ಎಂದು ಹೇಳಿ ಅರ್ಧದಷ್ಟು ಮಕ್ಕಳಿಗೆ ನಿಜವಾಗಿಯೂ ತಂದುಕೊಟ್ಟಿದ್ದರು, ಉಳಿದವರಿಗೆ ಬರಿಗೈಯಲ್ಲಿ ಬಂದು ‘ಅದು ನಮ್ಮಲ್ಲಿಲ್ಲ’ ಎಂದಿದ್ದರು. ಮಾತು ಉಳಿಸಿಕೊಂಡದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ್ದನ್ನು ಕಂಡವರು 3 ನಿಮಿಷ.

ನಮ್ಮ ಮನೆಗಳಲ್ಲಿ ‘ಐದು ನಿಮಿಷ ಇರು ಪುಟ್ಟ, ಬಂದೆ’ ಎಂಬ ಮಾತಿಗೆ ಬೆಲೆಯೇ ಉಳಿದಿಲ್ಲ. ಐದು ನಿಮಿಷವೆಂದರೆ ಕೆಲವೊಮ್ಮೆ ಒಂದು ಗಂಟೆ, ಕೆಲವೊಮ್ಮೆ ಬರುವುದೇ ಇಲ್ಲ. ಮಗುವಿಗೆ ಕಾಯುವುದನ್ನು ಕಲಿಸಬೇಕೆಂದಿದ್ದರೆ ನಿಜವಾದ ಹೊತ್ತು ಹೇಳಬೇಕು: ‘ಅರ್ಧ ಗಂಟೆ ಬೇಕು, ಗಡಿಯಾರದ ದೊಡ್ಡ ಮುಳ್ಳು ಆರಕ್ಕೆ ಬಂದಾಗ ಬರ್ತೀನಿ.’ ಮುಳ್ಳು ಆರಕ್ಕೆ ಬಂದಾಗ ಕೆಲಸ ಬಿಟ್ಟು ಏಳಬೇಕು. ಮುಗಿದಿಲ್ಲವಾದರೆ ಒಳಗಿನಿಂದ ಕೂಗದೆ ಮಗುವಿದ್ದಲ್ಲಿಗೆ ಹೋಗಿ, ಇನ್ನೆಷ್ಟು ಹೊತ್ತು ಬೇಕು ಎಂದು ಅದರ ಮುಖ ನೋಡಿ ಹೇಳಬೇಕು.