ಮಗ್ಗ, ಗಣಕ, ಮಗು

ಗಣಕದ ನೆರವಿನಿಂದ ಮಗು ರಚಿಸಿದ ಕಥೆ ಯಾರದು? ಮಗುವಿನದೋ, ಯಂತ್ರದ್ದೋ? ನೇಕಾರರ ಈ ಸೀಮೆಯಲ್ಲಿ ಉತ್ತರವನ್ನು ಮಗ್ಗದ ಬಳಿಯೇ ಅರಸಬಹುದು.

ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ತೂತು ಕೊರೆದ ರಟ್ಟಿನ ಪಟ್ಟಿಗಳು ಬಟ್ಟೆಯ ವಿನ್ಯಾಸವನ್ನು ನಿರ್ದೇಶಿಸುತ್ತವೆ. ಮುಂದೆ ಗಣಕದ ಕಲ್ಪನೆಗೂ ಅವು ಪ್ರೇರಣೆಯಾದವು. ಆದರೂ ಸೀರೆಯನ್ನು ಜಕಾರ್ಡ್ ಯಂತ್ರ ನೇಯಿತೆಂದು ಯಾರೂ ಹೇಳುವುದಿಲ್ಲ. ಯಾವ ಎಳೆ ಎಲ್ಲಿಗೆ, ಏಕೆ ಎಂದು ಕೇಳಿದರೆ ನೇಕಾರನು ಹೇಳಬಲ್ಲನು. ಕೃತಿಗೆ ಹೀಗೆ ಉತ್ತರ ಕೊಡಬಲ್ಲವನೇ ಅದರ ಕರ್ತೃವೆಂಬುದು ನನ್ನ ನಂಬಿಕೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಅನೇಕ ದೇವಾಂಗ ಮನೆಗಳಲ್ಲಿ ಆಡುಮಾತು ಕನ್ನಡ; ಶಾಲೆಯಲ್ಲಿ ಮಕ್ಕಳು ಕಲಿಯುವ ಲಿಪಿ ಬಹುಮಟ್ಟಿಗೆ ತಮಿಳು. ಕನ್ನಡ ಅಕ್ಷರವರಿಯದ ಮಗುವೂ ಅಜ್ಜಿಯ ಕಥೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅದಕ್ಕೆ ಚಿತ್ರ ಬರೆದು, ತರಗತಿಯಲ್ಲಿ ಕೇಳಿಸಬಹುದು. ಅದೇ ಮೊಬೈಲು ಕ್ಷಣಮಾತ್ರದಲ್ಲಿ ಸಿದ್ಧಕಥೆಯನ್ನೂ ಕೊಡಬಲ್ಲುದು. ಅದು ಹೆಚ್ಚು ಅಂದವಾಗಿಯೂ ಇರಬಹುದು. ಆದರೆ ಅದಕ್ಕಾಗಿ ಮಗು ಯಾರ ಬಳಿಯೂ ಕುಳಿತು ಕೇಳಬೇಕಾಗಿಲ್ಲ, ಯಾವ ಮಾತಿಗೂ ಹೊಣೆಯಾಗಬೇಕಾಗಿಲ್ಲ.

ಆದುದರಿಂದ ಉಪಾಧ್ಯಾಯರು ಅಂದಕ್ಕೆ ಅಂಕ ನೀಡುವ ಮೊದಲು, 'ಈ ಮಾತು ಇಲ್ಲೇಕೆ ಬಂತು, ಮಗು?' ಎಂದು ಕೇಳಬೇಕು. ಮಗು ತನ್ನದೇ ಮಾತಿನಲ್ಲಿ ಉತ್ತರಿಸಿದರೆ ಯಂತ್ರವು ಲಾಳಿಯಷ್ಟೇ, ನೇಯ್ದದ್ದು ಮಗುವೇ.