ಹರಿದ ನೋಟಿನ ಜೀವ ಎಲ್ಲಿದೆ?

ಸೊಪ್ಪು ಮಾರುವ ಹೆಂಗಸಿನ ಕೈಗೆ ಬರುವ ಹತ್ತರ ನೋಟು ಎಷ್ಟೋ ಒದ್ದೆ ಕೈಗಳನ್ನು, ಬೆವರಿದ ಜೇಬುಗಳನ್ನು, ಸೆರಗಿನ ಗಂಟುಗಳನ್ನು ದಾಟಿ ಬಂದಿರುತ್ತದೆ. ಮಡಿಕೆ ಬಿದ್ದಲ್ಲಿ ಎಳೆ ಸವೆದು ಮೆತ್ತಗಾಗುತ್ತದೆ, ಒಂದು ದಿನ ಅಲ್ಲೇ ಸೀಳುತ್ತದೆ. ಭಾರತದ ನೋಟಿನ ಕಾಗದ ಹತ್ತಿಯ ನಾರಿನದು, ಗಟ್ಟಿ. ಆದರೂ ಕೈಯಿಂದ ಕೈಗೆ ಹೋಗುವುದೇ ಅದರ ಕೆಲಸ, ಅದರ ಸವೆತಕ್ಕೂ ಅದೇ ಕಾರಣ. ನಾಣ್ಯ ಹೆಚ್ಚು ಕಾಲ ಬಾಳುತ್ತದೆ, ಆದರೆ ಅದರ ಮುದ್ರೆಯೂ ಮಾಸುತ್ತದೆ.

ಬ್ಯಾಂಕಿಗೆ ಮರಳಿದ ಹಳೆಯ ನೋಟುಗಳನ್ನು ರಿಸರ್ವ್ ಬ್ಯಾಂಕಿನ ಯಂತ್ರಗಳು ಪರೀಕ್ಷಿಸಿ, ಚೂರು ಮಾಡಿ, ಒತ್ತಿ ಗಟ್ಟಿಯಾಗಿಸುತ್ತವೆ. ಮೈಸೂರಿನಂಥ ಮುದ್ರಣಾಲಯಗಳಲ್ಲಿ ಅಚ್ಚಾದ ಹೊಸ ನೋಟುಗಳು ಆ ಜಾಗಕ್ಕೆ ಬರುತ್ತವೆ. ಕಾಗದ ಬೇರೆ, ಸಂಖ್ಯೆ ಬೇರೆ. ಹಣ ಮಾತ್ರ ಅದೇ ಎನ್ನುತ್ತಾರೆ. ಹಾಗಾದರೆ ಉಳಿದದ್ದು ಏನು?

ಜೀರ್ಣವಾದ ಬಟ್ಟೆ ಬಿಟ್ಟು ಹೊಸದನ್ನು ಉಡುವಂತೆ ಆತ್ಮ ದೇಹವನ್ನು ಬದಲಿಸುತ್ತದೆ ಎನ್ನುತ್ತದೆ ಗೀತೆ. ನೋಟಿಗೂ ಈ ಉತ್ತರ ಸಲ್ಲುತ್ತದೆಯೇ? ಹರಿದ ನೋಟು ಬದಲಿಸುವ ನಿಯಮದಂತೆ 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನ ಅತಿ ದೊಡ್ಡ ತುಂಡು ಇಡೀ ನೋಟಿನ ಶೇ. 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ, ಶೇ. 40ರಿಂದ 80ರೊಳಗಿದ್ದರೆ ಅರ್ಧ ಬೆಲೆ. ಆತ್ಮವನ್ನು ಹೀಗೆ ಅರ್ಧ ಮಾಡಲಾಗದು. ಇನ್ನು 2016ರ ನವೆಂಬರ್ 8ರ ರಾತ್ರಿ 500, 1000ದ ಗರಿಗರಿ ನೋಟುಗಳ ಮೈ ಒಂದಿಷ್ಟೂ ಮುಕ್ಕಾಗಿರಲಿಲ್ಲ. ಆದರೂ ನೋಟು ರದ್ದತಿಯ ಘೋಷಣೆಯೊಂದರಿಂದ ಅವುಗಳ ಚಲಾವಣೆ ನಿಂತಿತು.

ಇಲ್ಲಿ ಬೌದ್ಧ ಭಿಕ್ಷು ನಾಗಸೇನನ ಉತ್ತರವೇ ಹೆಚ್ಚು ಹೊಂದುತ್ತದೆ. ‘ಮಿಲಿಂದ ಪನ್ಹ’ದಲ್ಲಿ ಆತ ರಾಜ ಮಿಲಿಂದನಿಗೆ ರಾತ್ರಿಯಿಡೀ ಉರಿಯುವ ದೀಪದ ಉದಾಹರಣೆ ಕೊಡುತ್ತಾನೆ. ಮೊದಲ ಜಾವದ ಜ್ವಾಲೆ ಮತ್ತು ಕೊನೆಯ ಜಾವದ್ದು ಒಂದೇ ಅಲ್ಲ, ಸಂಬಂಧವಿಲ್ಲದ ಬೇರೆಯೂ ಅಲ್ಲ. ಹಣವೂ ಹೀಗೆಯೇ. ನೋಟಿನೊಳಗೆ ಅಡಗಿ ಕೂತ ಸಾರವೇನೂ ಇಲ್ಲ. ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಮಾಡಿ ಕೊಟ್ಟ ಮಾತು, ಅದನ್ನು ನಂಬಿ ಕೊಡುವ, ಪಡೆಯುವ ಕೈಗಳ ಸಾಲು, ಇಷ್ಟೇ.

ಸಾರವೇ ಇಲ್ಲ, ಸಾಲು ಮಾತ್ರ ಇದೆ ಎಂದಾದರೆ, ಸವೆತದ ನಷ್ಟ ಯಾರದ್ದು? ನೂರು ಕೈಗಳಲ್ಲಿ ಸವೆದದ್ದು ಕೊನೆಯ ಕೈಯಲ್ಲಿ ಹರಿಯುತ್ತದೆ. ಅಂಗಡಿಯವನು ‘ಇದು ನಡೆಯೋದಿಲ್ಲ, ಬೇರೆ ಕೊಡಿ’ ಎಂದಾಗ ಎಲ್ಲರ ಸವೆತವೂ ಆ ಒಬ್ಬರ ತಲೆಗೆ ಬೀಳುತ್ತದೆ. 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 28ನೇ ಕಲಮಿನ ಪ್ರಕಾರ ಹರಿದ ನೋಟಿನ ಬೆಲೆಯನ್ನು ಹಕ್ಕೆಂದು ಕೇಳುವಂತಿಲ್ಲ, ಅನುಗ್ರಹವಾಗಿ ಮಾತ್ರ ಪಡೆಯಬಹುದು. ನ್ಯಾಯದ ಕಣ್ಣಿನಲ್ಲಿ ಅದು ಅನುಗ್ರಹವಲ್ಲ, ಎಲ್ಲರೂ ಸೇರಿ ತೀರಿಸಬೇಕಾದ ಋಣ. ಬ್ಯಾಂಕಿನಲ್ಲಿ ಖಾತೆ ಇಲ್ಲದವರಿಗೂ ಹರಿದ ನೋಟು ಬದಲಿಸಿಕೊಡಬೇಕೆಂಬ ನಿಯಮ ಈಗಾಗಲೇ ಇದೆ. ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಕೌಂಟರಿನ ಮುಂದೆ ನಿಂತವಳಿಗೆ ಆ ನಿಯಮದ ಲಾಭ ತಕರಾರಿಲ್ಲದೆ ಸಿಗಬೇಕು.